ನಮ್ಮ ಗುಡ್ಡದಲ್ಲಿ ಬಿದ್ದ ಒಂದು ಮತ

ಅಗ್ವಾ ಸಾರ್ಕಾ, ಹೊಂಡುರಾಸ್
14 ಡಿಸೆಂಬರ್ 2025

ಪ್ರೀತಿಯ ಒಲಿಂಪಿಯಾ,

ಕ್ಷೇಮವಾಗಿದ್ದೀಯಾ? ಕರಾವಳಿಯ ಸೆಖೆ ಈ ತಿಂಗಳಾದರೂ ಸ್ವಲ್ಪ ಇಳಿದಿರಬೇಕು. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತಿದ್ದಕ್ಕೆ ಮನಸಾರೆ ಬೈದುಬಿಡು. ಫಲಿತಾಂಶ ಬರಲಿ, ಎಲ್ಲ ಒಟ್ಟಿಗೆ ಬರೆಯೋಣ ಅಂದುಕೊಂಡಿದ್ದೆ. ಮತದಾನವಾಗಿ ಎರಡು ವಾರವಾಯಿತು, ರಾಜಧಾನಿಯಲ್ಲಿ ಇನ್ನೂ ಎಣಿಸುತ್ತಲೇ ಇದ್ದಾರೆ. ಯಂತ್ರ ನಿಂತಿತಂತೆ, ಲೆಕ್ಕ ತಾಳೆಯಾಗಲಿಲ್ಲವಂತೆ. ಕೊನೆಗೆ ಕೂದಲೆಳೆಯಷ್ಟು ಮುಂದಿರುವವನೇ ಅಧ್ಯಕ್ಷ. ಅರ್ಧಕ್ಕಿಂತ ಹೆಚ್ಚು ಜನ ಬೇಡ ಅಂದಿದ್ದರೂ ಅವನೇ. ಎರಡನೇ ಸುತ್ತು ನಮ್ಮಲ್ಲಿಲ್ಲವಲ್ಲ, ಒಂದು ಸುತ್ತಿಗೇ ಈ ಮಹಾನುಭಾವರಿಗೆ ಏದುಸಿರು.

ನಮ್ಮ ಗುಡ್ಡದವರೇನೂ ಕಡಿಮೆಯಿಲ್ಲ ಬಿಡು. ಇಲ್ಲಿ ಮಗು ಅಪ್ಪನ ಪಕ್ಷದ ಬಣ್ಣ ಹೊತ್ತುಕೊಂಡೇ ಹುಟ್ಟುತ್ತದೆ. ಬಣ್ಣ ಬದಲಾದರೆ ಶಾಲೆಯ ಕಸ ಗುಡಿಸುವವಳಿಂದ ಹಿಡಿದು ಸ್ಮಶಾನದ ಕಾವಲುಗಾರನ ತನಕ ಎಲ್ಲರ ಕೆಲಸಕ್ಕೂ ಕುತ್ತು. ಇಂಥವರ ನಡುವೆ ನಮ್ಮ ಯಜಮಾನರು ಎವಾರಿಸ್ತೊ ಮೇಯರ್ ಸ್ಥಾನಕ್ಕೆ ಪಕ್ಷೇತರರಾಗಿ ನಿಂತರು. "ಗುಡ್ಡಕ್ಕೆ ನಲ್ಲಿ ನೀರು ತಂದೇ ತರ್ತೀನಿ ಕಣೇ ಫಿದೆಲಿನಾ, ನೋಡ್ತಿರು" ಅಂದರು. ಹೊಳೆಯಿಂದ ನೀರು ಹೊತ್ತು ನನ್ನ ಸೊಂಟ ಬಿದ್ದುಹೋಗಿರುವುದು ನಿನಗೆ ಗೊತ್ತು. ನಂಬಿದೆ. ಪ್ರಚಾರಕ್ಕೆ ಬಂದವರಿಗೆಲ್ಲ ಜೋಳದ ಹಿಟ್ಟು, ಮಾಂಸ ಸೇರಿಸಿ ನಕತಮಾಲ್ ಬೇಯಿಸಿ ಬಡಿಸಿದೆ. ಬಾಳೆಎಲೆ ಬಿಚ್ಚಿ ತಿಂದವರೆಲ್ಲ "ನಮ್ ವೋಟು ನಿಮ್ಗೇ" ಅಂತ ಬಾಯಿ ಒರೆಸಿಕೊಂಡು ಹೋದರು.

ಮತದಾನದ ದಿನ ಸಂಜೆಯೇ ಇಲ್ಲಿ ಶಾಲೆಯಲ್ಲಿ ಎಣಿಕೆ. ನಿನಗೆ ನೆನಪಿರಬೇಕು, ಒಂದೊಂದೇ ಮತಪತ್ರ ಎತ್ತಿ ಹಿಡಿದು, ಎಲ್ಲ ಪಕ್ಷದವರಿಗೂ ತೋರಿಸಿ, ಗಟ್ಟಿಯಾಗಿ ಹೆಸರು ಓದುತ್ತಾರೆ. ಗುಡ್ಡದವರೆಲ್ಲ ಕಿಟಕಿಗೆ ಮುತ್ತಿಕೊಂಡಿದ್ದೆವು. ದೊನ್ ಗಿಲ್ಬೆರ್ತೊ, ಮತ್ತೆ ದೊನ್ ಗಿಲ್ಬೆರ್ತೊ. ಈಗಾಗಲೇ ಮೇಯರ್ ಆಗಿರುವ, ಹೋದ ಸಲವೂ ನೀರು ತರುತ್ತೇನೆಂದು ಗೆದ್ದಿದ್ದ ಅದೇ ಮನುಷ್ಯ. ಎವಾರಿಸ್ತೊ ಎಂಬ ಹೆಸರು ಒಂದೇ ಒಂದು ಸಲ ಕೇಳಿಸಿತು.

ನಾದಿನಿ ಸೊಕೊರ್ರೊ ಸುಮ್ಮನಿರುವವಳೇ? "ಅಯ್ಯೋ ಅಣ್ಣಾ, ಆ ಒಂದು ನೀನೇ ಹಾಕ್ಕೊಂಡಿದ್ದಲ್ವಾ? ಹಂಗಾದ್ರೆ ಅತ್ತಿಗೇದು ಎಲ್ಲೋಯ್ತು?" ಅಂದಳು. ತನ್ನದು ಎಲ್ಲಿ ಹೋಯಿತೆಂದು ಮಾತ್ರ ಹೇಳಲಿಲ್ಲ.

ಇವರು ಎಲ್ಲರ ಕಡೆ ತಿರುಗಿ, "ಕಟ್ಕೊಂಡೋಳೇ ಕೈ ಕೊಟ್ಮೇಲೆ ಊರೋರ್ನ ಏನಂತ ಕೇಳ್ಲಿ?" ಅಂದರು. ಜನ ಘೊಳ್ಳೆಂದು ನಕ್ಕರು. ನಾನು ಮನೆ ದಾರಿ ಹಿಡಿದೆ. ಈಗ ಹೊಳೆಗೆ ಹೋದರೆ ಹೆಂಗಸರು ಮಾತು ನಿಲ್ಲಿಸುತ್ತಾರೆ, ಮಕ್ಕಳು "ಗಂಡನ್ಗೇ ವೋಟಾಕ್ದೇ ಇದ್ದೋಳು" ಅನ್ನುತ್ತವೆ.

ಮೂರು ದಿನಕ್ಕೆ ದೊನ್ ಗಿಲ್ಬೆರ್ತೊ ಮನೆಗೇ ಬಂದು ಇವರನ್ನು ಅಪ್ಪಿಕೊಂಡ. "ಮಾತು ಅಂದ್ರೆ ಮಾತು ಎವಾರಿಸ್ತೊ. ಜನವರಿಯಿಂದ ಪೇಟೆಯ ನೀರಿನ ಉಸ್ತುವಾರಿ ನಿಂದೇ" ಅಂದ. ಯಾವ ಮಾತು, ಯಾವಾಗ ಕೊಟ್ಟದ್ದು ಎಂದು ನಾನು ಕೇಳಲಿಲ್ಲ. ಕಾಫಿ ಕೊಟ್ಟೆ. ಇವರು ಜನಸೇವೆ, ಅವಕಾಶ ಅಂತೆಲ್ಲ ಭಾಷಣ ಬಿಗಿದರು. ಆ ಖುಷಿಯಲ್ಲೇ, ಸೊಕೊರ್ರೊ ಎದುರಿಗೇ, ನನ್ನ ಭುಜ ತಟ್ಟಿ, "ಹೋಗ್ಲಿ ಬಿಡೇ, ನಿನ್ನ ಕ್ಷಮಿಸ್ಬಿಟ್ಟಿದ್ದೀನಿ" ಅಂದರು.

ಸುಯಾಪಾ ಮಾತೆ ನಿನ್ನನ್ನೂ ಮಕ್ಕಳನ್ನೂ ತಣ್ಣಗಿಟ್ಟಿರಲಿ. ಹಬ್ಬಕ್ಕೆ ಸಿಹಿ ಮಾಡಿದಾಗ ನನ್ನ ಹೆಸರಿನಲ್ಲಿ ಒಂದು ತುಂಡು ಹೆಚ್ಚು ತಿನ್ನು.

ನಿನ್ನ
ಫಿದೆಲಿನಾ

ಮರೆತ ಮಾತು: ಆ ಒಂದು ಮತ ನನ್ನದು, ಒಲಿಂಪಿಯಾ. ಅವರ ಫೋಟೊದ ಕೆಳಗೆ ಹೆಮ್ಮೆಯಿಂದ ಗುರುತು ಹಾಕಿದ್ದೆ. ಅವರು ಮಾತ್ರ ತಮಗೆ ಹಾಕಿಕೊಂಡಿರಲಿಲ್ಲ. ಆ ಒಂದು ಯಾರದೆಂದು ಅವರಿಗೆ ಗೊತ್ತು. ಗೊತ್ತಿದ್ದೇ ನನ್ನನ್ನು ಕ್ಷಮಿಸಿದರು.