ಮ್ಯೂಟ್ ಮಾಡಿದ ಕಾರ್ಟೂನ್

ಕೌಸಲ್ಯಾ ಆಂಟಿ,

“ಸಂಜೆ ಕಾರ್ಟೂನ್ ನೋಡುವಾಗ ನಿಮ್ಮ ಯಜಮಾನರು ತುಂಬಾ ಜೋರಾಗಿ ನಗ್ತಾರೆ, ಸ್ವಲ್ಪ ಹೇಳಿ” ಎಂದು ನೀವು ಗೇಟಿಗೆ ಅಂಟಿಸಿದ ಚೀಟಿ ಓದಿದೆ.

ಹ್ಯಾಲೋವೀನ್ ಬಂತೆಂದರೆ ಅವರು ಹಳೆಯ ದೆವ್ವದ ಕಾರ್ಟೂನ್ ಹಾಕಿ, ಟಿವಿ ಮ್ಯೂಟ್ ಮಾಡಿ, ದೆವ್ವಗಳಿಗೆಲ್ಲ ತುಳುವಿನಲ್ಲಿ ತಾವೇ ದನಿ ಕೊಡುತ್ತಿದ್ದರು. ಅಸ್ಥಿಪಂಜರ ತನ್ನ ತಲೆ ತಾನೇ ಹುಡುಕುವಾಗ ಮಗಳಿಗಿಂತ ಮೊದಲು ನಗುತ್ತಿದ್ದರು.

ನೀವು ಸಿಂಗಾಪುರದ ಈ ಸೆರಂಗೂನಿಗೆ ಬಂದು ಎರಡೇ ವಾರ, ಗೊತ್ತಿರಲಿಕ್ಕಿಲ್ಲ. ಮಾರ್ಚ್‌ನಲ್ಲಿ ಅವರು ತೀರಿಕೊಂಡರು.

ಮಗಳು ಶ್ರೀಯಾ ಈಗಲೂ ಮ್ಯೂಟ್ ಮಾಡಿಯೇ ನೋಡುತ್ತಾಳೆ. ಸೌಂಡ್ ಹಾಕಲು ಹೋದರೆ, “ಬೇಡಮ್ಮ, ಪಪ್ಪ ಮಾತಾಡೋದು ಕೇಳ್ಸಲ್ಲ” ಎನ್ನುತ್ತಾಳೆ. ಮಗುವಿನ ಕಲ್ಪನೆ ಎಂದುಕೊಂಡಿದ್ದೆ.

ನಗಬೇಡಿ ಎಂದು ಅವರಿಗೆ ನಾನು ಹೇಳಲಾರೆ, ಆಂಟಿ. ನಾಳೆ ಆರು ಗಂಟೆಗೆ ನಿಮ್ಮ ಮನೆಗೆ ಬಂದು ನಮ್ಮೆರಡು ಮನೆಗಳ ನಡುವಿನ ಗೋಡೆಯ ಪಕ್ಕ ಸ್ವಲ್ಪ ಹೊತ್ತು ಕೂರಲೇ? ನಮ್ಮ ಕಡೆ ನನಗೊಬ್ಬಳಿಗೇ ಕೇಳಿಸುತ್ತಿಲ್ಲ.

ಪಕ್ಕದ ಮನೆಯ
ಜ್ಯೋತ್ಸ್ನಾ