ಗಂಡ ಸತ್ತವಳ ವೋಟು

ಹ್ಯಾಕೆನ್ಸಾಕ್, ನ್ಯೂ ಜೆರ್ಸಿ
೩೦ ನವೆಂಬರ್ ೧೮೦೭, ಸೋಮವಾರ

ಘನತೆವೆತ್ತ ಶಾಸನಸಭೆಯ ಸದಸ್ಯರೇ, ಪಕ್ಷಗಳ ಪ್ರಮುಖರೇ, ಗಡ್ಡವಿದ್ದ ಒಂದೇ ಅರ್ಹತೆಗೆ ಮತದಾರರಾದ ಮಹಾಶಯರೇ, ಮತ್ತು ಆಲ್ಬನಿಯ ಅಡುಗೆಮನೆಯಲ್ಲಿ ಒಬ್ಬಳೇ ಸಭೆ ಕಟ್ಟಿಕೊಂಡು ಕೂತಿರುವ ನನ್ನ ತಂಗಿ ಲೆನಾ,

ನಿನ್ನ ಅಕ್ಕ ಹೆಸ್ಟರ್ ಈಗ ಮಾಜಿ ಮತದಾರಳು. ನಿಮ್ಮ ನ್ಯೂಯಾರ್ಕಿನಲ್ಲಿ ಹೆಂಗಸರಿಗೆ ಇಲ್ಲದ ಭಾಗ್ಯ ನಮಗಿತ್ತಲ್ಲ, ಐವತ್ತು ಪೌಂಡಿನ ಆಸ್ತಿ ಇದ್ದು ಗಂಡ ಇಲ್ಲದಿದ್ದರೆ ಸಾಕು, ಪೆಟ್ಟಿಗೆಗೆ ಚೀಟಿ ಹಾಕಬಹುದಿತ್ತು. ಗಂಡ ಸತ್ತವಳ ಕೈಗೆ ವೋಟು, ಗಂಡ ಇದ್ದವಳ ಕೈಗೆ ಸೌಟು ಎಂದು ನಾನೇ ಪದ ಕಟ್ಟಿ ಹಾಡಿದ್ದೆ. ಹದಿನೈದು ದಿನದ ಹಿಂದೆ ಶಾಸನಸಭೆ ಹೊಸ ಕಾಯಿದೆ ಮಾಡಿತು. ಇನ್ನು ತೆರಿಗೆ ಕಟ್ಟುವ ಬಿಳಿಯ ಗಂಡಸಿಗೆಲ್ಲ ವೋಟು, ಆಸ್ತಿ ಇರಲಿ ಬಿಡಲಿ. ಹೆಂಗಸರಿಗಿಲ್ಲ, ಕರಿಯರಿಗಿಲ್ಲ. ಫೆಬ್ರವರಿಯಲ್ಲಿ ನಮ್ಮ ಪಕ್ಕದ ಜಿಲ್ಲೆಯಲ್ಲಿ ನ್ಯಾಯಾಲಯ ಎಲ್ಲಿ ಕಟ್ಟಬೇಕೆಂಬ ಚುನಾವಣೆ ನಡೆದಾಗ ಗಂಡಸರೇ ಲಂಗ ತೊಟ್ಟು ಎರಡೆರಡು ಸಲ ವೋಟು ಹಾಕಿದರಂತೆ. ಲಂಗ ತೊಟ್ಟವರಿಗೆ ಶಿಕ್ಷೆಯಾಗಲಿಲ್ಲ, ಲಂಗಕ್ಕೆ ಆಯಿತು.

ಪೀಪಾಯಿ ಮಾಡುವ ಸ್ಯಾಮ್ಸನ್ ನಿನಗೆ ನೆನಪಿರಬೇಕು. ದುಡಿದು ದುಡ್ಡು ಕೊಟ್ಟು ಗುಲಾಮಗಿರಿಯಿಂದ ತನ್ನನ್ನು ತಾನೇ ಬಿಡಿಸಿಕೊಂಡ ಕರಿಯ. ಪ್ರತಿ ಅಕ್ಟೋಬರ್ ಸಾಲಿನಲ್ಲಿ ನನ್ನ ಹಿಂದೆ ನಿಲ್ಲುತ್ತಿದ್ದ. ಮೊನ್ನೆ ಸಿಕ್ಕಿ, "ಬಾಗಿಲು ದೊಡ್ಡದು ಮಾಡ್ತೀವಿ ಅಂದ್ರಲ್ಲಮ್ಮ, ಮಾಡಿದ್ರು. ಒಳಗಿದ್ದ ನಮ್ಮನ್ನ ಅದೇ ಬಾಗಿಲಿಂದ ಆಚೆಗೆ ಹಾಕಿದ್ರು" ಎಂದ. ನಗುತ್ತಲೇ ಹೇಳಿದ. ನಾನೂ ನಕ್ಕೆ.

ಈಗ ನಮ್ಮ ಅಣ್ಣನ ವಿಷಯ. ಹಾರ್ಮನ್ ರಿಪಬ್ಲಿಕನ್ ಸಮಿತಿಯ ದೊಡ್ಡ ಮನುಷ್ಯ. ಚುನಾವಣೆ ದಿನ ನನಗೆ ಗಾಡಿ ಕಳಿಸುತ್ತಿದ್ದ, ಚಳಿಯಾಗದಿರಲೆಂದು ಬಿಸಿ ಇಟ್ಟಿಗೆಯನ್ನು ಕಾಲ ಬುಡಕ್ಕೆ ಇಡಿಸುತ್ತಿದ್ದ. ಉಳಿದ ದಿನ ಬದುಕಿದ್ದೀಯಾ ಎಂದೂ ಕೇಳಿದವನಲ್ಲ. ಆದರೆ ಒಂದು ಉಪಕಾರ ಮಾಡಿದ. ನನಗೆ ಗಂಡು ಬಂದಾಗಲೆಲ್ಲ ಅವನೇ ಅಟ್ಟಿದ. "ಅವಳು ನಮ್ಮ ಪಕ್ಷದ ವೋಟು ಕಣ್ರೋ. ಮದುವೆಯಾದ್ರೆ ವೋಟೇ ಸತ್ತುಹೋಗುತ್ತೆ. ಬೇರೆ ಕಡೆ ನೋಡ್ಕೊಳ್ಳಿ" ಎಂದು ಹೋಟೆಲಿನಲ್ಲಿ ಕೂತು ಸಾರುತ್ತಿದ್ದನಂತೆ. ವಿಧವೆಯನ್ನು ಊರು ಸುಮ್ಮನೆ ಬಿಡುವುದಿಲ್ಲ ಲೆನಾ, ನನ್ನನ್ನು ಬಿಟ್ಟಿತ್ತು. ನನ್ನ ಹೊಲ, ನನ್ನ ಹಸು, ನನ್ನ ಬಾಗಿಲಿಗೆ ನಾನೇ ಹಾಕುವ ಅಗುಳಿ.

ಕಾಯಿದೆಯ ಸುದ್ದಿ ಬಂದ ಮರುದಿನವೇ ಅಣ್ಣ ಬಂದ. ಜೊತೆಗೆ ಯಾಕೋಬಸ್ ಬ್ರಿಂಕ್, ಮರ ಕೊಯ್ಯುವ ಗಿರಣಿಯವನು. ಇಬ್ಬರು ಹೆಂಡಿರನ್ನು ಮಣ್ಣು ಮಾಡಿದವನು, ಕೈಯಲ್ಲಿ ಹೊಗೆಯಲ್ಲಿ ಒಣಗಿಸಿದ ಹಂದಿ ತೊಡೆ. ಅವನ ಮಕ್ಕಳು, ಗಿರಣಿಯ ಆಳುಗಳು, ಇಷ್ಟು ದಿನ ಆಸ್ತಿ ಇಲ್ಲದೆ ಹೊರಗಿದ್ದವರು, ಈಗ ಎಲ್ಲರೂ ಮತದಾರರು. ಎಲ್ಲರೂ ಯಾಕೋಬಸ್ ಹೇಳಿದ ಕಡೆಗೆ. ಅವನೋ ಇಂದಿನವರೆಗೆ ಎದುರು ಪಕ್ಷದ ಫೆಡರಲಿಸ್ಟ್.

"ಭಾವ ಆದ್ರೆ ನಮ್ಮ ಕಡೆ ಬರ್ತಾನೆ" ಎಂದ ಅಣ್ಣ, ಅವನ ಎದುರೇ.

"ನನ್ನನ್ನ ಕೇಳೋದು ಬೇಡವಾ?" ಎಂದೆ.

"ನಿನ್ನದಿನ್ನೇನಿದೆ ಕೇಳೋಕೆ? ವೋಟು ಅಂತ ಹೇಳ್ತಿದ್ದೆ, ಅದೂ ಹೋಯ್ತು. ಯಾಕೋಬಸ್ ಬಂಗಾರದಂಥ ಮನುಷ್ಯ ಕಣೇ."

ಒಂದು ವೋಟಾಗಿದ್ದ ನಾನು ಗಿರಣಿಯಷ್ಟು ವೋಟಿಗೆ ತೆತ್ತ ಬೆಲೆಯಾದೆ. ಪ್ರಜಾಪ್ರಭುತ್ವ ಬೆಳೆಯುತ್ತಿದೆ ಎಂದು ಪತ್ರಿಕೆ ಬರೆದಿದೆ, ಸುಳ್ಳಲ್ಲ.

ನನ್ನನ್ನು ಕೇಳದೆಯೇ ಅಣ್ಣ ಹೆಸರು ಕೊಟ್ಟ, ಮದುವೆಗೆ ಮುಂಚೆ ಚರ್ಚಿನಲ್ಲಿ ಮೂರು ಸಲ ಓದುವ ಪ್ರಕಟಣೆ ಒಮ್ಮೆ ಆಗಿಹೋಯಿತು. ನಿನ್ನೆ ಎರಡನೆಯದು. ಯಾರದಾದರೂ ತಕರಾರಿದ್ದರೆ ಹೇಳಿ ಎಂದರು ಪಾದ್ರಿಗಳು. ನಾನು ಎದ್ದು ನಿಂತೆ.

ಅಣ್ಣ ತೋಳು ಜಗ್ಗಿದ. "ಕೂತ್ಕೋ. ಕೇಳ್ತಿರೋದು ಬೇರೆಯವ್ರನ್ನ, ನಿನ್ನನ್ನಲ್ಲ" ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಪಾದ್ರಿಗಳು ಒಳ್ಳೆಯವರು, "ಕಾರಣ ಏನಮ್ಮ?" ಎಂದು ಕೇಳಿದರು. ಇಡೀ ಊರು ನನ್ನ ಬಾಯಿ ನೋಡುತ್ತಿತ್ತು. "ಅವರ ಗೊರಕೆ ಗಿರಣಿಗಿಂತ ಜೋರಂತೆ" ಎಂದುಬಿಟ್ಟೆ. ಊರೇ ನಕ್ಕಿತು, ಯಾಕೋಬಸ್ ಕೂಡ. ಕೂತುಕೊಂಡೆ. ನಾಚಿಕೆಗೆ ಹಾಗೆಂದಳು ಎಂದು ಬಗೆದು ಹೊರಗೆ ಬಂದಮೇಲೆ ಹೆಂಗಸರು ಕೆನ್ನೆ ಚಿವುಟಿದರು.

ಪಾದ್ರಿಗಳು ಹೊಳೆಯಾಚೆಯ ಚರ್ಚಿಗೆ ಹೋಗಿದ್ದಾರೆ, ಮೂರನೆಯ ಪ್ರಕಟಣೆ ಅವರು ಮರಳಿದ ಮೇಲೆ. ಅಲ್ಲಿಯತನಕ ನಿನ್ನ ಅಕ್ಕ ಸ್ವತಂತ್ರಳು, ಸೇಬು ಹೆಚ್ಚಿ ಒಣಗಿಸುತ್ತಿದ್ದಾಳೆ.

ಸಭೆಗೆ ವಂದನೆ, ಹೊಸ ಮತದಾರರಿಗೆ ಅಭಿನಂದನೆ.

ಇಂತಿ ನಿನ್ನ ಅಕ್ಕ,
ಹೆಸ್ಟರ್ ವ್ರೀಲಾಂಡ್
(ದಿವಂಗತ ದಿರ್ಕ್ ವ್ರೀಲಾಂಡನ ಹೆಂಡತಿ, ದಿವಂಗತ ವೋಟಿನ ಒಡತಿ)

ಮರೆತ ಮಾತು: ಲೆನಾ, ಇದನ್ನು ಓದಿ ಒಲೆಗೆ ಹಾಕು. ಪಾದ್ರಿಗಳು ಕೇಳಿದ ಕಾರಣ ಗೊರಕೆಯಲ್ಲ. ದಿರ್ಕ್ ನನ್ನನ್ನು ಹೊಡೆಯುತ್ತಿದ್ದ. ಮದುವೆಯ ಮೊದಲ ಚಳಿಗಾಲದಿಂದ ಹಿಡಿದು, ಜ್ವರ ಬಂದು ಅವನ ಕೈ ಏಳದಂತಾಗುವವರೆಗೆ. ಬಟ್ಟೆ ಮುಚ್ಚುವ ಜಾಗ ನೋಡಿಯೇ ಹೊಡೆಯುತ್ತಿದ್ದ, ಅಷ್ಟು ಜಾಣ. ಯಾಕೋಬಸ್ ಬಂಗಾರದಂಥ ಮನುಷ್ಯ ಎನ್ನುತ್ತಾರೆ, ದಿರ್ಕನನ್ನೂ ಹಾಗೇ ಅನ್ನುತ್ತಿದ್ದರು, ನೀನೂ ಅಂದಿದ್ದೆ. ವೋಟು ನನಗೆ ವೋಟಾಗಿರಲಿಲ್ಲ, ಇದನ್ನು ಯಾರಿಗೂ ಹೇಳದೆ ಒಲ್ಲೆ ಎನ್ನಲು ಇದ್ದ ನೆಪ. ಮೂರನೆಯ ಪ್ರಕಟಣೆಯ ದಿನ ಎದ್ದು ನಿಂತು ನಿಜ ಹೇಳುತ್ತೇನೆಂದು ಬರೆಯಲು ಕೂತೆ. ಹೇಳಲಾರೆ. ನನ್ನ ಬಾಯಿಗೆ ನಗಿಸುವುದಷ್ಟೇ ಗೊತ್ತು. ನಿನ್ನ ಕಡೆಯ ಹೊಳೆ ಇನ್ನೂ ಹೆಪ್ಪುಗಟ್ಟಿಲ್ಲ, ದೋಣಿ ಓಡುತ್ತಿದೆ. ನೀನು ಬಂದು ನನ್ನ ಪಕ್ಕದಲ್ಲಿ ಎದ್ದು ನಿಂತು ಹೇಳು. ಬೇಗ ಬಾ.