ಹಣೆಯ ಮೇಲಿನ ಹೆಸರು

ವಿಜಯೀಂದ್ರ ಅವರಿಗೆ, ಮಕ್ತಲಿನಿಂದ ಚೆನ್ನವೀರಪ್ಪನ ಶರಣು.

ನಮ್ಮ ಬಸ್ ಕಂಪನಿ ಈಗ ನಿಮ್ಮದು. ಹೊಸ ಗಾಡಿ ಎಂಥವು ತರಿಸಲಿ ಎಂದು ಕೇಳಿದ್ದೀರಿ. ಗದ್ವಾಲ-ನಾರಾಯಣಪೇಟೆ ದಾರಿಗೆ ಎಸಿ ಬೇಡ. ಮೆಟ್ಟಿಲು ತಗ್ಗಿರಲಿ, ಶೇಂಗಾ ಚೀಲಕ್ಕೆ ಮೇಲೆ ಕ್ಯಾರಿಯರ್ ಇರಲಿ.

ಹಳೆಯ ಬಸ್ಸುಗಳ ಹಣೆಯ ಮೇಲಿರುವ ‘ಗಂಗಾಂಬಿಕಾ’ ನನ್ನ ಮಗಳ ಹೆಸರು. ಹೊಸವಕ್ಕೆ ನಿಮ್ಮ ಹೆಸರೇ ಬರೆಸಿ, ಬೇಜಾರಿಲ್ಲ. ಆದರೆ ಇಲ್ಲಿನ ಸ್ಟ್ಯಾಂಡಿನಲ್ಲಿ ಜನ, “ಗಂಗಾಂಬಿಕಾ ಬಂದಾಳೇನ್ರಿ?” ಎಂದೇ ಕೇಳುವುದು. ಮಗಳು ತೀರಿಕೊಂಡ ಮೇಲೂ ದಿನಾ ಯಾರಾದರೂ ಕೇಳುತ್ತಾರೆ. “ಬರ್ತಾಳ್ರಿ, ಕುಂದರ್ರಿ” ಎಂದು ನಾನೇ ಹೇಳುತ್ತಿದ್ದೆ.

ಇನ್ನು ನಾನು ಸ್ಟ್ಯಾಂಡಿಗೆ ಬರುವುದಿಲ್ಲ. ಹೊಸ ಗಾಡಿಗೂ ಜನ ಹಾಗೆಯೇ ಕೇಳಿಯಾರು. ಕೇಳಿದವರ ಬಾಯಲ್ಲಿನ ಹೆಸರನ್ನು ನಿಮ್ಮವರು ತಿದ್ದುವುದು ಬೇಡ. ಬರ್ತಾಳೆ ಅಂದರೆ ಸಾಕು.

ನಿಮ್ಮ
ಚೆನ್ನವೀರಪ್ಪ